ತೊಡೆಯೆಲುಬು ಮತ್ತು ಲೋಹದ ಮಂಡಿ

ನೇಕಾರಳಾದ ಬನವ್ವನ ಎಡಮಂಡಿಯಲ್ಲಿ ಗಡ್ಡೆ ಬೆಳೆದಿತ್ತು. ವೈದ್ಯರು ತೊಡೆಯೆಲುಬಿನ ಕೆಳತುದಿಯನ್ನು ಗಡ್ಡೆಯ ಸಮೇತ ತೆಗೆದು, ಅವಳ ಅಳತೆಗೆಂದೇ ಯಂತ್ರದಲ್ಲಿ ಪದರಪದರವಾಗಿ ಮುದ್ರಿಸಿದ ಲೋಹದ ಮಂಡಿಯನ್ನು ಜೋಡಿಸಿದರು.

ಉಳಿದ ಎಲುಬು ಅನುಮಾನದಿಂದ ಕೇಳಿತು: "ಯಾರಪ್ಪ ನೀನು? ಹೋದವನ ಹಾಗೇ ಇದ್ದೀಯಲ್ಲ!"

"ಬಲಮಂಡಿಯ ಪ್ರತಿಬಿಂಬ ನಾನು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ," ಎಂದಿತು ಲೋಹ.

"ಮತ್ತೆ ನನ್ನ ಕಡೆಗಿರುವ ನಿನ್ನ ಅಂಚಿನಲ್ಲಿ ಇಷ್ಟೊಂದು ತೂತುಗಳೇಕೆ? ಲೋಹ ಸಾಲದೆ ಹೋಯಿತೇ?"

"ಅವು ನಿನಗೆಂದು ಬಿಟ್ಟ ಜಾಗ. ನೀನು ಒಳಗೆ ಬೆಳೆದರೆ ಮಾತ್ರ ನಾನು ನಿಲ್ಲಬಲ್ಲೆ."

"ಮೈಯ ತುದಿಯನ್ನೇ ಕಳೆದುಕೊಂಡವನು ನಾನು. ಮೊದಲು ನೀನು ಭಾರ ಹೊತ್ತು ತೋರಿಸು."

"ನೀನು ಹಿಡಿಯದೆ ಹೇಗೆ ಹೊರಲಿ?"

ಎರಡೂ ಮುಖ ತಿರುಗಿಸಿಕೊಂಡವು. ಎಡಗಾಲಿನ ಬಲವಿಲ್ಲದೆ ಮಗ್ಗ ತುಳಿಯುವಂತಿಲ್ಲ. ಬನವ್ವನ ಮಗ್ಗ ವಾರಗಟ್ಟಲೆ ಸುಮ್ಮನೆ ನಿಂತಿತು.

ಒಂದು ಬೆಳಿಗ್ಗೆ ಅವಳು ಊರುಗೋಲು ಹಿಡಿದು ಎಡಪಾದವನ್ನು ಮೆಲ್ಲನೆ ನೆಲಕ್ಕೂರಿದಳು. ಭಾರ ಎರಡರ ಮೇಲೂ ಒಟ್ಟಿಗೇ ಬಿತ್ತು. ಎಲುಬು ನಡುಗಿತು. ಪಕ್ಕದಲ್ಲಿ ಲೋಹವೂ ನಡುಗುತ್ತಿತ್ತು.

"ನಿನಗೂ ಭಯವೇ?"

"ಹುಟ್ಟಿದಾಗಿನಿಂದ ನಾನು ಯಾರನ್ನೂ ಹೊತ್ತವನಲ್ಲ."

ಎಲುಬು ಹತ್ತಿರದ ತೂತಿನೊಳಕ್ಕೆ ತನ್ನದೊಂದು ಎಳೆ ಚಾಚಿತು.

"ಇದನ್ನು ಹಿಡಿದುಕೊ. ನಾನು ಇವಳನ್ನು ಮೂವತ್ತು ವರ್ಷ ಹೊತ್ತಿದ್ದೇನೆ, ಹೇಳಿಕೊಡುತ್ತೇನೆ."