ಗಾಳಿಕಿಂಡಿಗೆ ತುರುಕಿದ ಗೋಣಿಚೀಲ

ಒಂದು ಲಾಂಡ್ರಿಯ ಗ್ಯಾಸ್ ಬಾಯ್ಲರಿಗೆ ಬೆಳಗಿನಿಂದ ಉಸಿರು ಕಟ್ಟುತ್ತಿತ್ತು. ಬಟ್ಟೆ ಒಗೆಯುವ ಚೆಲುವಮ್ಮ, ಒದ್ದೆ ಕಾಲಿಗೆ ಥಂಡಿ ಬಡಿಯುತ್ತದೆಂದು ಗೋಡೆಯ ಗಾಳಿಕಿಂಡಿಗೆ ಗೋಣಿಚೀಲ ತುರುಕಿದ್ದಳು. ಈಗ ತಲೆ ಹಿಡಿದುಕೊಂಡು ಕೂತಿದ್ದಳು.

"ಚೀಲವೇ, ಕೆಳಗಿಳಿ," ಎಂದಿತು ಬಾಯ್ಲರ್. "ಗಾಳಿ ಸಾಲದೆ ನನ್ನ ನೀಲಿ ಉರಿ ಹಳದಿಯಾಗಿದೆ. ಅದರ ವಿಷ ಹೊಗೆಕೊಳವೆ ಹತ್ತದೆ ಇಲ್ಲೇ ತುಂಬುತ್ತಿದೆ."

"ಅಮ್ಮನಿಗೆ ಥಂಡಿ ತಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನೀರು ಕಾಯಿಸುವುದು ನಿನ್ನದು. ಸುಮ್ಮನೆ ಉರಿಯಪ್ಪ," ಎಂದಿತು ಚೀಲ.

"ಹೀಗೇ ಉರಿದರೆ ಅಮ್ಮನೇ ಉಳಿಯುವುದಿಲ್ಲ. ನಾನು ಆರಿಬಿಡುತ್ತೇನೆ."

"ಆರಿದರೆ ನಿನ್ನನ್ನು ಗುಜರಿಗೆ ಹಾಕುತ್ತಾರೆ, ನೋಡಿಕೋ!"

"ಹಾಕಲಿ," ಎಂದು ಬಾಯ್ಲರ್ ಆರಿತು.

ಚೆಲುವಮ್ಮ ಬೈಯುತ್ತಾ ಅದಕ್ಕೊಂದು ಒದೆ ಕೊಟ್ಟು, ರಿಪೇರಿಯ ಅಂತೋಣಿಯನ್ನು ಕರೆತಂದಳು. ಅವನು ಮೊದಲು ಬಾಯ್ಲರನ್ನು ಮುಟ್ಟಲೇ ಇಲ್ಲ. ಬಾಗಿಲನ್ನು ಪೂರ್ತಿ ತೆರೆದು, ಕಿಂಡಿಯ ಚೀಲವನ್ನು ಕಿತ್ತೆಸೆದ.

"ಈ ಬಾಯ್ಲರ್ ಆರದೇ ಹೋಗಿದ್ದರೆ ನನ್ನನ್ನು ಕರೆಯಲು ನೀವೇ ಇರುತ್ತಿರಲಿಲ್ಲಮ್ಮಾ."

ಕೋಣೆಯ ಗಾಳಿ ತಿಳಿಯಾದ ಮೇಲೆ ಅವನು ಮತ್ತೆ ಉರಿ ಹಚ್ಚಿದ. ಬಾಯ್ಲರ್ ತುಂಬು ಉಸಿರೆಳೆದು ನೀಲಿಯಾಗಿ ಉರಿಯಿತು.

ಚೆಲುವಮ್ಮ ಕಿಂಡಿಯ ಮುಂದೆ ನಿಂತಳು.

"ಕಾಲು ಮರಗಟ್ಟಿತು ಮಾರಾಯ," ಎಂದಳು ನಗುತ್ತಾ. "ತಲೆ ಮಾತ್ರ ಹಗುರಾಯಿತು."