ಮಂತ್ರಿಯ ಅಪ್ಪಣೆಗೆ ಇಂಜಿನಿಯರ ರುಜು

ಒಂದು ದೇಶದಲ್ಲಿ ದಂಗೆಯಾಯಿತು. ರಾಜ ಓಡಿಹೋದ. ಸೇತುವೆ ಕಟ್ಟಿಸುತ್ತಿದ್ದ ಇಂಜಿನಿಯರ್ ಶೇಷಾಚಲಯ್ಯನವರು ಬೆಳಗಾಗುವುದರೊಳಗೆ ಮಂತ್ರಿಯಾದರು. ಯಾರು ಯಾರಿಗೆ ಕೈಮುಗಿಯಬೇಕೆಂದು ಯಾರಿಗೂ ತಿಳಿಯದ ದಿನಗಳು.

ಮಂತ್ರಿಗಳು ಸೇತುವೆಯ ಮುದಿ ಮೇಸ್ತ್ರಿಯನ್ನು ಕರೆಸಿದರು. "ನಾಳೆ ವಿಜಯೋತ್ಸವ. ಕೆಳಗೆ ಆಸರೆಗೆ ಕೊಟ್ಟಿರುವ ಸೆಂಟ್ರಿಂಗ್ ಮರ ಬಿಚ್ಚಿಸು. ಮೆರವಣಿಗೆ ಸೇತುವೆ ಮೇಲೇ ಹೋಗಬೇಕು."

ಇಪ್ಪತ್ತೆಂಟು ದಿನ ನೀರು ಕುಡಿದು ಗಟ್ಟಿಯಾಗಬೇಕಾದ ಕಾಂಕ್ರೀಟಿಗೆ ಎಂಟೇ ದಿನ ಆಗಿತ್ತು. ಬಿಚ್ಚಿದರೆ ಆಳುಗಳ ತಲೆ ಮೇಲೆ ಬೀಳುತ್ತದೆ. ಆಗದೆಂದರೆ ಜೈಲು. ಇಂಥ ಹೊತ್ತಲ್ಲಿ ಮೇಸ್ತ್ರಿ ಹೆಂಡತಿಯನ್ನು ಕೇಳುತ್ತಿದ್ದ. ಈಗ ಅವಳಿಲ್ಲ.

"ಆಗ್ಲಿ ಬುದ್ಧಿ. ಆದ್ರೆ ನನ್ನ ರುಜು ಇಲ್ದೆ ಮರ ಮುಟ್ಟಬೇಡ ಅಂತ ಇಂಜಿನಿಯರ್ ಸಾಹೇಬರ ಕಟ್ಟಪ್ಪಣೆ."

"ಯಾವ ಇಂಜಿನಿಯರ್?"

"ಶೇಷಾಚಲಯ್ಯನವರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ."

"ಅದು ನಾನೇ ಅಲ್ಲವೇನಯ್ಯಾ!"

"ಒಳ್ಳೇದಾಯ್ತು," ಎಂದು ಮೇಸ್ತ್ರಿ ಸಿಮೆಂಟು ಮೆತ್ತಿದ ಕೆಲಸದ ಪುಸ್ತಕ ಬಿಚ್ಚಿ ಮುಂದಿಟ್ಟ.

ಮಂತ್ರಿಗಳು ಪೆನ್ನು ತೆಗೆದರು. ಕಾಂಕ್ರೀಟ್ ಹಾಕಿದ ತಾರೀಖು ಓದಿದರು. ಕೈ ನಿಂತಿತು. "ಎಂಟು ದಿನಕ್ಕೇ ಬಿಚ್ಚು ಅಂದ ಕತ್ತೆ ಯಾರು?" ಎಂದು ಗದರಿದರು.

"ಮಂತ್ರಿಗಳು, ಬುದ್ಧಿ."

ಶೇಷಾಚಲಯ್ಯನವರು ಪೆನ್ನು ಕೆಳಗಿಟ್ಟರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಈಗ ಮಂತ್ರಿಗೆ ಏನು ಹೇಳೋದಯ್ಯಾ?"

"ಇಂಜಿನಿಯರ್ ಒಪ್ಪಲಿಲ್ಲ ಅಂತ ನಾನೇ ಹೇಳ್ತೀನಿ. ನೀವ್ಯಾಕೆ ಕೆಟ್ಟೋರಾಗ್ತೀರಿ?"

ಮಾರನೆಯ ದಿನ ಮೆರವಣಿಗೆ ದೋಣಿಯಲ್ಲಿ ಹೊಳೆ ದಾಟಿತು. ಮಂತ್ರಿಗಳು ಮುಂದಿನ ದೋಣಿಯಲ್ಲಿ ಕೂತು, ದಡ ಮುಟ್ಟುವವರೆಗೂ ಆ ಮೊಂಡ ಇಂಜಿನಿಯರನ್ನು ಬೈದರು.