ಬಾರಿಸದೆ ಬಿಟ್ಟ ಪೆಟ್ಟು

“ಬುದ್ಧಿ, ನನ್ನ ಜೊತೆ ಕೆಲಸಕ್ಕೆ ನಿಂತವರ ತಪ್ಪನ್ನು ನಾನು ಯಾರ ಕಣ್ಣಿಗೂ ಬೀಳಗೊಡುವುದಿಲ್ಲ. ಬೈಯುವುದಿಲ್ಲ, ಯಾರ ಮುಂದೆಯೂ ಆಡಿಕೊಳ್ಳುವುದಿಲ್ಲ. ನಾನೇ ಸರಿಮಾಡಿ ಸುಮ್ಮನಾಗುತ್ತೇನೆ. ಆದರೂ ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಾರೆ. ಯಾಕೆ?”

ಕೇಳಿದವನು ಮಠದ ದಾಸೋಹದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯ. ಹನ್ನೊಂದು ವರ್ಷದಿಂದ ಸಾರು ಮಾಡುತ್ತಿದ್ದ ಚಿಕ್ಕತಾಯಮ್ಮ ಆ ದಿನ ಬೆಳಿಗ್ಗೆ ಸೌಟು ತೊಳೆದಿಟ್ಟು ಮಗಳ ಊರಿಗೆ ಹೊರಟುಹೋಗಿದ್ದಳು. ಆಕೆ ಒಲೆಯಿಂದ ಇಳಿಸಿದ ಸಾರಿಗೆ, ಉಪ್ಪು ಸಾಲದೆಂದು, ಆಕೆ ಅತ್ತ ತಿರುಗಿದಾಗ ಇವನು ದಿನವೂ ಇನ್ನೊಂದು ಹಿಡಿ ಹಾಕುತ್ತಿದ್ದ. ಅದನ್ನೂ ಮುಚ್ಚಿಡದೆ ಹೇಳಿದ.

ಗುರುಗಳು ಕೂರುವಂತೆ ಕೈ ತೋರಿಸಿ ಕತೆ ತೆಗೆದರು.

ಕಡಲ ಕಡೆಯ ಒಂದು ಊರಿನಲ್ಲಿ ವಾಮನ ಸೇರಿಗಾರ ಎಂಬ ಸ್ಯಾಕ್ಸೊಫೋನ್ ವಾದಕನಿದ್ದ. ಅವನ ಮನೆತನಕ್ಕೆ ಮದುವೆಯ ವಾದ್ಯವೇ ಕಸುಬು. ತಾತ ನಾಗಸ್ವರ ಊದಿದ. ಅಪ್ಪ ಸ್ಯಾಕ್ಸೊಫೋನಿಗೆ ತಿರುಗಿದ. ಅಣ್ಣತಮ್ಮಂದಿರು ಅದನ್ನೇ ಹಿಡಿದರು. ಆ ಕಸುಬಿಗೊಂದು ಕಟ್ಟಳೆ. ಮುಹೂರ್ತದ ಹೊತ್ತಿಗೆ ಗಟ್ಟಿಮೇಳ ನಿಲ್ಲಕೂಡದು. ನಿಂತರೆ ಆ ಸಂದಿನಲ್ಲಿ ಯಾರದೋ ಸೀನು, ಯಾರದೋ ಕೆಟ್ಟ ಮಾತು ನುಸುಳೀತು. ನುಸುಳಿದರೆ ಬೈಸಿಕೊಳ್ಳುವವನು ಸೀನಿದವನಲ್ಲ, ಊದುವವನು. ಹಾಗಾಗಿ ಅಣ್ಣ ಉಸಿರು ತೆಗೆದುಕೊಳ್ಳುವಾಗ ತಮ್ಮ ಊದುತ್ತಿದ್ದ, ತಮ್ಮ ಉಸಿರು ತೆಗೆದುಕೊಳ್ಳುವಾಗ ಅಣ್ಣ. ಡೋಲಿನವನ ಕೈ ಜಾರಿದರೆ ಇಬ್ಬರೂ ಸೇರಿ ಅದನ್ನು ಮುಚ್ಚಿಬಿಡುತ್ತಿದ್ದರು. ಆಮೇಲೆ ಆ ವಿಷಯ ಎತ್ತುವಂತಿಲ್ಲ. ಹಾಗೆ ಮುಚ್ಚುವುದೇ ದೊಡ್ಡತನ ಎಂದು ವಾಮನ ಚಿಕ್ಕಂದಿನಿಂದ ಕಲಿತಿದ್ದ.

ಒಂದು ದಿನ ಅವನು ದೋಣಿಗಳು ಮೀನಿಳಿಸುವ ಧಕ್ಕೆಯ ಕಡೆ ಹೋಗಿದ್ದಾಗ ಅಲ್ಲಿನ ಹಳೆಯ ಗೋದಾಮಿನಿಂದ ವಾದ್ಯ ಕೇಳಿಬಂತು. ಒಳಗೆ ಬಗ್ಗಿ ನೋಡಿದ. ಬಹಳ ವರ್ಷ ಹಡಗಿನಲ್ಲಿ ದುಡಿದು ಬಂದ ಬೋನಿ ಪೊರ್ಬು ಎಂಬ ಮುದುಕ ಡ್ರಮ್ ಬಾರಿಸುತ್ತಿದ್ದ. ಜೊತೆಗೆ ಇಬ್ಬರು ಗಿಟಾರಿನವರು. ಹಾಡುವವರಿಲ್ಲ, ಮಾತಿಲ್ಲ, ಬರೀ ವಾದ್ಯ. ಸ್ಕಾ, ರೆಗೆ ಎಂದು ಅದರ ಹೆಸರಂತೆ. ಸಮುದ್ರದಾಚೆಯ ಜಮೈಕಾ ಎಂಬ ದ್ವೀಪದ್ದಂತೆ. ಸ್ಕಾ ಓಡುವ ನಡೆ. ಅದೇ ನಡೆ ದಣಿವಾರಿಸಿಕೊಂಡು ನಿಧಾನವಾಗಿ ಹೆಜ್ಜೆ ಹಾಕಿದರೆ ರೆಗೆ. ಹಾಡುವವರಿಲ್ಲದ ಮೇಲೆ ಹಾಡನ್ನು ಹೊರಲು ಅವರಿಗೊಂದು ಊದುವ ವಾದ್ಯ ಬೇಕಿತ್ತು.

ವಾಮನನಿಗೆ ಆ ನಡೆ ಮೈಗೆ ಹತ್ತಿತು. ಬಸ್ಸಿನಲ್ಲಿ ಕೂತರೂ ಅದೇ, ಊಟಕ್ಕೆ ಕೂತರೂ ಅದೇ. ಕೊನೆಗೆ ಮೇಳ ಬಿಡುತ್ತೇನೆಂದು ಅಣ್ಣನಿಗೆ ಹೇಳಿದ. ಅಣ್ಣ ಜಗಳಕ್ಕೆ ಬರಲಿಲ್ಲ. ಹೋದರೆ ನಿನ್ನ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸುತ್ತೇನೆ, ಮತ್ತೆ ಬಂದು ಕೇಳಬೇಡ ಎಂದ. ವಾಮನ ಹೋದ.

ಭಾನುವಾರ ಮಧ್ಯಾಹ್ನ ಧಕ್ಕೆಯವರು ಆ ಗೋದಾಮಿಗೆ ಕುಣಿಯಲು ಬರುತ್ತಿದ್ದರು. ಬಲೆ ಹೆಣೆಯುವವರು, ಮಂಜುಗಡ್ಡೆ ಒಡೆಯುವವರು, ಮೀನುಬುಟ್ಟಿ ಹೊರುವ ಹೆಂಗಸರು. ನೆಲಕ್ಕೆ ಹಲಗೆ ಹಾಸಿತ್ತು. ವಾಮನ ಮೊದಲ ದಿನವೇ ಒಂದು ಸಂಗತಿ ಗಮನಿಸಿದ. ನಾಲ್ಕರ ಎಣಿಕೆಯಲ್ಲಿ ಮುದುಕ ಮೊದಲ ಪೆಟ್ಟನ್ನು ಬಾರಿಸುತ್ತಲೇ ಇರಲಿಲ್ಲ. ಎಲ್ಲ ಬಂದು ಕೂಡಬೇಕಾದ ಜಾಗವೇ ಖಾಲಿ. ಗಿಟಾರಿನವರೂ ಆ ಪೆಟ್ಟು ದಾಟಿದ ಮೇಲೆಯೇ ತಂತಿ ಮುಟ್ಟುತ್ತಿದ್ದರು. ಮುದುಕನಿಗೆ ವಯಸ್ಸಾಯಿತು, ಕೈ ತಡವಾಗುತ್ತಿದೆ, ಮಿಕ್ಕವರು ಅವನ ಮರ್ಯಾದೆ ಕಾಯಲು ಹಾಗೆಯೇ ಹೊಂದಿಕೊಂಡಿದ್ದಾರೆ ಎಂದು ವಾಮನ ಬಗೆದ. ಅವನಿಗೆ ಮರುಕವಾಯಿತು. ಪ್ರತಿ ಸುತ್ತಿನ ಮೊದಲ ಪೆಟ್ಟಿಗೆ ಒಂದು ತುಂಬು ಸ್ವರ ಊದಿ ಆ ಜಾಗವನ್ನು ಮುಚ್ಚತೊಡಗಿದ. ಉಸಿರು ಸಾಲದೆ ಎದೆ ನೋಯುತ್ತಿತ್ತು. ಪಕ್ಕದಲ್ಲಿ ಅಣ್ಣನಿರಲಿಲ್ಲ. ಆದರೂ ಬಿಡಲಿಲ್ಲ.

ಜನ ಕುಣಿಯಲಿಲ್ಲ. ಕೈಕಟ್ಟಿ ನಿಂತು ಕೇಳಿದರು. ಊದುವುದರಲ್ಲಿ ಇವನನ್ನು ಮೀರಿಸುವವರಿಲ್ಲ ಎಂದರು, ಹೋದರು. ಮೂರನೆಯ ಭಾನುವಾರ, ಬುಟ್ಟಿ ಹೊರುವ ಗುಲಾಬಿ ಎಂಬಾಕೆ ಎಲ್ಲರಿಗೂ ಕೇಳುವಂತೆ ಕೇಳಿಯೇಬಿಟ್ಟಳು.

“ಸೇರಿಗಾರ್ರೇ, ಮದುಮಗ ಮದುಮಗಳು ಎಲ್ಲಿ? ನಾವು ಅಕ್ಷತೆ ಹಿಡ್ಕೊಂಡು ಎಷ್ಟು ಹೊತ್ತು ನಿಲ್ಲುವುದು?”

ಗೋದಾಮಿಗೆ ಗೋದಾಮೇ ನಕ್ಕಿತು. ನಾಲ್ಕನೆಯ ಭಾನುವಾರ ಅರ್ಧ ಜನ ಬರಲಿಲ್ಲ.

ಬೇರೆ ಯಾರನ್ನಾದರೂ ನೋಡೋಣ ಎಂದು ಗಿಟಾರಿನವರು ಹೇಳಿದರು. ಬೋನಿ ವಾಮನನನ್ನು ಹೊರಗೆ ಕರೆದು, ಮುಂದಿನ ವಾರವೂ ಹೀಗೇ ಆದರೆ ಕಷ್ಟ ಎಂದ. ಹಿಂದೆ ಮೇಳ ಹೋಗಿತ್ತು, ಈಗ ಇದೂ ಹೋಗುವುದರಲ್ಲಿತ್ತು. ಎಂದೂ ಬಾಯಿ ಬಿಡಬಾರದೆಂದುಕೊಂಡಿದ್ದನ್ನು ವಾಮನ ಹೇಳಿಬಿಟ್ಟ.

“ಪೊರ್ಬುಗಳೇ, ನಿಮ್ಮ ಮೊದಲ ಪೆಟ್ಟು ತಪ್ತಾ ಉಂಟು. ಯಾರಿಗೂ ಗೊತ್ತಾಗದ ಹಾಗೆ ಒಂದು ತಿಂಗಳಿಂದ ನಾನು ಮುಚ್ಚಿಕೊಂಡು ಬಂದೆ. ನಾನು ಹೋದರೆ ನಿಮ್ಮದು ಬಯಲಾಗ್ತದೆ.”

ಮುದುಕ ಅವನ ಮುಖವನ್ನೇ ನೋಡಿದ. ಆಮೇಲೆ ನಗು ತಡೆಯಲಾರದೆ ದೋಣಿ ಕಟ್ಟುವ ಗೂಟ ಹಿಡಿದುಕೊಂಡ.

“ಅದನ್ನು ಬಿಡ್ಲಿಕ್ಕೆ ಕಲಿಯುವುದಕ್ಕೇ ನನಗೆ ಆರು ವರ್ಷ ಹಿಡೀತು ಮಾರಾಯ್ರೇ,” ಎಂದ. “ಅದು ನನ್ನದಲ್ಲ. ಕುಣಿಯುವವರ ಕಾಲಿಂದು.”

ವಾಮನ ಆ ವಾರವಿಡೀ ಧಕ್ಕೆಯ ಕಡೆ ತಲೆ ಹಾಕಲಿಲ್ಲ. ನಾಚಿಕೆ. ಭಾನುವಾರ ಮಾತ್ರ ಹೋಗದೆ ಇರಲಾಗಲಿಲ್ಲ.

ರೆಗೆ ಶುರುವಾಯಿತು. ಮೊದಲ ಪೆಟ್ಟಿಗೆ ಬೆರಳುಗಳು ತಾವಾಗಿ ಕೀಲಿ ಒತ್ತಿದವು. ಉಸಿರನ್ನು ಎದೆಯಲ್ಲೇ ತಡೆದ. ಆ ಜಾಗ ಖಾಲಿ ಹೋಯಿತು. ಎರಡನೆಯ ಸುತ್ತಿಗೂ ಖಾಲಿ. ಊದುವುದಕ್ಕಿಂತ ಊದದೆ ನಿಲ್ಲುವುದು ಭಾರವಾಗಿತ್ತು. ಆ ಸಂದಿನಲ್ಲಿ ಹೊರಗೆ ಕಾಗೆ ಕೂಗಿದ್ದು ಕೇಳಿಸಿತು. ಯಾರೋ ಕೆಮ್ಮಿದ್ದೂ ಕೇಳಿಸಿತು. ಅಪ್ಪ ಬದುಕಿದ್ದರೆ ಕಣ್ಣಲ್ಲೇ ಸುಡುತ್ತಿದ್ದ. ವಾಮನ ತಲೆ ತಗ್ಗಿಸಿ, ಊದಬೇಕಾದಲ್ಲಿ ಊದಿ, ಬಿಡಬೇಕಾದಲ್ಲಿ ಬಿಟ್ಟ.

ಒಂಬತ್ತನೆಯದೋ ಹತ್ತನೆಯದೋ ಸುತ್ತಿಗೆ ಹಲಗೆಯ ಮೇಲೆ ಒಂದು ಕಾಲು ಬಿತ್ತು. ಸರಿಯಾಗಿ ಆ ಖಾಲಿ ಜಾಗದಲ್ಲೇ. ಗುಲಾಬಿಯದು. ಆಮೇಲೆ ಅವಳ ಪಕ್ಕದವಳದು. ಆಮೇಲೆ ಮಂಜುಗಡ್ಡೆಯವರು. ಹಾಡು ಮುಗಿಯುವ ಹೊತ್ತಿಗೆ ಇಡೀ ಗೋದಾಮು ಒಟ್ಟಿಗೆ ಕಾಲು ಹಾಕುತ್ತಿತ್ತು. ಮುದುಕನ ಡ್ರಮ್ಮಿನಿಂದ ಎಂದೂ ಹೊರಡದಷ್ಟು ದೊಡ್ಡ ಪೆಟ್ಟು ಅದು. ಯಾರೂ ಕಲಿಸಿರಲಿಲ್ಲ, ಒಬ್ಬರೂ ಹಿಂದೆ ಮುಂದೆ ಆಗಲಿಲ್ಲ. ವಾಮನ ತನ್ನ ಹಾಡನ್ನು ಆ ಪೆಟ್ಟಿನ ಮೇಲಿಟ್ಟು ಊದಿದ. ಅಲ್ಲಿಗೆ ಬಂದ ಮೇಲೆ ಮೊದಲ ಸಲ ಅವನಿಗೆ ಉಸಿರು ತೆಗೆದುಕೊಳ್ಳಲು ಬಿಡುವು ಸಿಕ್ಕಿತು. ಬೇರೆಯವನನ್ನು ನೋಡುವ ಮಾತನ್ನು ಗಿಟಾರಿನವರು ಮತ್ತೆ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

“ತಿಳಿಯಿತು ಬುದ್ಧಿ. ಇನ್ನು ಮೇಲೆ ಅವರ ತಪ್ಪುಗಳಲ್ಲಿ ಒಂದೆರಡನ್ನು ಕಂಡೂ ಕಾಣದ ಹಾಗೆ ಬಿಟ್ಟುಬಿಡುತ್ತೇನೆ.”

ಗುರುಗಳು ಕೇಳಿದರು: “ಅವು ತಪ್ಪೆಂದು ನಿನಗೆ ಹೇಳಿದವರು ಯಾರು?”